ಹಳೆಯ ಪಿಕಪ್ಪು ‘ಗುಂಯ್’ ಅಂದರೆ ಮೊದಲು ಪಾನಾ ಹಿಡಿಯಬೇಡಿ

ಹಳೆಯ ಪಿಕಪ್ಪಿನ ಸದ್ದಿಗೆ ನಮ್ಮ ಕಡೆ ಹೆಸರುಗಳಿಗೇನೂ ಬರವಿಲ್ಲ. ಗುಂಯ್ ಅಂತೈತ್ರಿ, ಕುಂಯ್ ಅಂತೈತ್ರಿ, ಸೀಟಿ ಹೊಡಿತೈತ್ರಿ, ಒಳಗೆಲ್ಲೋ ಗರ್ ಅಂತ ತಿರುಗಿದಂಗ ಆಗತೈತ್ರಿ. ಇಷ್ಟು ಹೇಳಿ ಮುಗಿಸುವುದರೊಳಗೆ ಪಕ್ಕದಲ್ಲಿ ನಿಂತವರು ಯಾರಾದರೂ “ಹೌಸಿಂಗ್ ಹೋಗೇತಿ, ಕ್ರೌನ್ ಪಿನಿಯನ್ ಹಾಕಸ್ರಿ” ಅಂದುಬಿಡುತ್ತಾರೆ. ಹೌಸಿಂಗ್ ಅಂದರೆ ಹಿಂದಿನ ಆಕ್ಸಲಿನ ನಡುವಿನ ಕಬ್ಬಿಣದ ಗೂಡು, ಕ್ರೌನ್ ಪಿನಿಯನ್ ಅಂದರೆ ಅದರೊಳಗೆ ಬಲವನ್ನು ಗಾಲಿಗೆ ತಿರುಗಿಸುವ ಜೋಡಿ ಗೇರು. ಆ ಒಂದು ಮಾತಿಗೆ ಸಾವಿರಾರು ರೂಪಾಯಿ ಕರಗುತ್ತದೆ. ಹೊಸ ಕ್ರೌನ್ ಪಿನಿಯನ್ ಕೂತ ಮೇಲೂ ಸದ್ದು ಹಾಗೇ ಉಳಿಯುವುದುಂಟು. ಯಾಕೆಂದರೆ ಅದು ಬರುತ್ತಿದ್ದದ್ದು ಮುಂದಿನ ಗಾಲಿಯ ಹಬ್ ಬೇರಿಂಗಿನಿಂದ, ಇಲ್ಲವೇ ಮೆಟ್ಟಿಲು ಮೆಟ್ಟಿಲಾಗಿ ಸವೆದ ಟೈರಿನಿಂದ.

ಬೊಲೆರೊ ಪಿಕಪ್, ಕ್ಯಾಂಪರ್, ಟಾಟಾ 207 ಇಂಥ ಗಾಡಿಗಳ ಬಗ್ಗೆ ಇಲ್ಲಿ ಹೇಳುತ್ತಿದ್ದೇನೆ. ಎಂಜಿನ್ ಮುಂದೆ, ಬಲ ಹಿಂದಿನ ಗಾಲಿಗೆ, ನಡುವೆ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್, ಹಿಂದೆ ಕಮಾನು ಪಟ್ಟಿಯ ಮೇಲೆ ಕೂತ ಇಡೀ ಆಕ್ಸಲ್. ತಿಕೋಟಾದಿಂದ ಒಣದ್ರಾಕ್ಷಿ, ಇಂಡಿಯಿಂದ ನಿಂಬೆ, ಬಾಗಲಕೋಟೆ ಕಡೆಯಿಂದ ಉಳ್ಳಾಗಡ್ಡಿ ಹೊತ್ತು ಓಡಾಡುವ ಗಾಡಿಗಳು ಇವೇ. ಇವುಗಳಲ್ಲಿ ತಿರುಗುವ ಭಾಗ ಮುಂದಿನ ಫ್ಯಾನಿನಿಂದ ಹಿಂದಿನ ಡ್ರಮ್ಮಿನವರೆಗೆ ಹರಡಿಕೊಂಡಿದೆ. ಕಬ್ಬಿಣದ ಚಾಸಿಯೊಳಗೆ ಸದ್ದು ಬಹಳ ದೂರ ಸಾಗುತ್ತದೆ. ಹಿಂದಿನ ಹೌಸಿಂಗಿನ ಗುಂಯ್ ಸೀಟಿನ ಕೆಳಗೇ ಇದ್ದಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ಹಾಗಾಗಿ ಸದ್ದು ಎಲ್ಲಿ ಕೇಳಿಸುತ್ತದೆ ಅನ್ನುವುದಕ್ಕಿಂತ, ಅದು ಯಾವುದರ ಬೆನ್ನು ಹತ್ತಿದೆ ಅನ್ನುವುದೇ ಮುಖ್ಯ. ಎಂಜಿನ್ ಸುತ್ತಿನ ಬೆನ್ನೋ, ಗಾಡಿಯ ಓಟದ ಬೆನ್ನೋ, ಎಕ್ಸಲೇಟರ್ ಮೇಲಿನ ಕಾಲಿನ ಬೆನ್ನೋ? ಇದು ತಿಳಿಯಲು ಅರ್ಧ ಗಂಟೆ ಸಾಕು, ಒಂದು ಬೋಲ್ಟೂ ಬಿಚ್ಚಬೇಕಿಲ್ಲ.

ಮೊದಲು ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ಎಂಜಿನ್ ಏರಿಸಿ ಇಳಿಸಿ. ನಿಂತಲ್ಲೇ ಸದ್ದು ಬಂದು, ಎಂಜಿನ್ ಜೊತೆ ಏರಿ ಇಳಿದರೆ ಹೌಸಿಂಗ್, ಟೈರು, ಹಬ್ ಎಲ್ಲವೂ ಲೆಕ್ಕದಿಂದ ಹೊರಗೆ. ತಪ್ಪು ಎಂಜಿನ್ ಮುಂಭಾಗದಲ್ಲಿದೆ, ಇಲ್ಲವೇ ಗೇರ್‌ಬಾಕ್ಸಿನ ಬಾಯಲ್ಲಿದೆ. ಈಗ ಕ್ಲಚ್ ಪೂರ್ತಿ ಒತ್ತಿ. ಒತ್ತಿದಾಗ ಸದ್ದು ನಿಂತು, ಬಿಟ್ಟಾಗ ಮತ್ತೆ ಬಂದರೆ ಗೇರ್‌ಬಾಕ್ಸಿನ ಒಳಗೆ ಬಲ ತರುವ ಇನ್‌ಪುಟ್ ಶಾಫ್ಟಿನ ಬೇರಿಂಗ್ ಅಥವಾ ಅದಕ್ಕೆ ಹಲ್ಲು ಕೊಟ್ಟು ಪಕ್ಕದಲ್ಲಿ ತಿರುಗುವ ಲೇ ಶಾಫ್ಟಿನ ಬೇರಿಂಗ್ ಸವೆದಿದೆ. ನ್ಯೂಟ್ರಲ್‌ನಲ್ಲೂ ಕ್ಲಚ್ ಬಿಟ್ಟಿದ್ದರೆ ಆ ಎರಡು ಶಾಫ್ಟು ತಿರುಗುತ್ತಲೇ ಇರುತ್ತವೆ. ಒತ್ತಿದಾಗ ಮಾತ್ರ ಸದ್ದು ಹುಟ್ಟಿದರೆ ಕ್ಲಚ್ ಬೇರಿಂಗ್. ಕ್ಲಚ್ ಏನೇ ಮಾಡಿದರೂ ಸದ್ದು ಬದಲಾಗದಿದ್ದರೆ ಬಾನೆಟ್ ಎತ್ತಿ ಮುಂದಕ್ಕೆ ನಡೆಯಿರಿ.

ಮುಂಭಾಗದಲ್ಲಿ ಶಂಕಿತರು ನಾಲ್ಕೈದು ಮಂದಿ: ಬೆಲ್ಟ್, ಅದನ್ನು ಬಿಗಿ ಹಿಡಿಯುವ ಟೆನ್ಷನರ್, ಡೈನಮೋ (ಆಲ್ಟರ್ನೇಟರ್), ವಾಟರ್ ಪಂಪ್, ಇದ್ದರೆ ಪವರ್ ಸ್ಟೀರಿಂಗ್ ಪಂಪ್. ಮೊದಲ ಪರೀಕ್ಷೆ ನೀರಿನದು. ಎಂಜಿನ್ ಐಡಲ್‌ನಲ್ಲಿರುವಾಗ ಬೆಲ್ಟಿನ ಒಳಮೈಗೆ, ಕೈ ದೂರವಿಟ್ಟು, ಬಾಟಲಿಯಿಂದ ಸ್ವಲ್ಪ ನೀರು ಚಿಮುಕಿಸಿ. ಸದ್ದು ಕ್ಷಣಕಾಲ ನಿಂತು ಮತ್ತೆ ಬಂದರೆ ಪುಲಿಗಳು ಒಂದೇ ಸಾಲಿನಲ್ಲಿ ಇಲ್ಲ. ಸದ್ದು ಹೆಚ್ಚಾದರೆ ಬೆಲ್ಟು ಸಡಿಲವಾಗಿ ಜಾರುತ್ತಿದೆ. ಎಂಜಿನ್ ಆರಿಸಿ, ಹಳೆಯ ವಿ ಬೆಲ್ಟಿಗೆ ಎರಡು ಪುಲಿಗಳ ನಡುವೆ, ಉದ್ದ ಇರುವ ಕಡೆ, ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದರೆ ಸುಮಾರು 10 ಮಿ.ಮೀ. ತಗ್ಗಬೇಕು. ಸದ್ದಡಗಿಸಲು ಬೆಲ್ಟಿಗೆ ಸೋಪು ಉಜ್ಜುವುದು, ಎಣ್ಣೆ ಬಿಡುವುದು ದಯವಿಟ್ಟು ಬೇಡ. ಎಣ್ಣೆಗೆ ರಬ್ಬರ್ ಉಬ್ಬುತ್ತದೆ, ಸೋಪಿಗೆ ನಮ್ಮ ಕೆಂಪು ಕರಿ ಧೂಳು ಮೆತ್ತಿಕೊಂಡು ಪುಲಿಯನ್ನೇ ತಿನ್ನುತ್ತದೆ. ಬೆಲ್ಟು ಬಿಗಿ ಮಾಡುವಾಗಲೂ ಅತಿ ಬೇಡ. ಅತಿ ಬಿಗಿಯಾದ ಬೆಲ್ಟಿನ ಭಾರವನ್ನೆಲ್ಲ ಹೊರುವುದು ಡೈನಮೋ ಮತ್ತು ವಾಟರ್ ಪಂಪಿನ ಬೇರಿಂಗ್, ಆಮೇಲೆ ಗುಂಯ್ ಅನ್ನುವುದೂ ಅವೇ.

ಬೆಲ್ಟು ಸರಿಯಿದ್ದರೆ ಅದನ್ನು ಬಿಚ್ಚಿ ತೆಗೆದು ಎಂಜಿನ್ ಶುರು ಮಾಡಿ. ಸದ್ದು ಹೋಯಿತೆಂದರೆ ತಪ್ಪು ಬೆಲ್ಟು ತಿರುಗಿಸುವ ಯಾವುದೋ ಒಂದರಲ್ಲಿದೆ. ಬೆಲ್ಟು ಇಲ್ಲದೆ ವಾಟರ್ ಪಂಪ್ ತಿರುಗುವುದಿಲ್ಲ, ಆದ್ದರಿಂದ ಒಂದು ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ. ಈ ಸ್ಥಿತಿಯಲ್ಲಿ ಗಾಡಿ ರಸ್ತೆಗಂತೂ ಇಳಿಯಲೇಬಾರದು. ಬಹಳಷ್ಟು ಡೀಸೆಲ್ ಪಿಕಪ್ಪುಗಳಲ್ಲಿ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪ್ ಡೈನಮೋದ ಬೆನ್ನಿಗೇ ಇರುತ್ತದೆ, ಡೈನಮೋ ತಿರುಗದಿದ್ದರೆ ಬ್ರೇಕ್ ಕಲ್ಲಾಗುತ್ತದೆ. ಎಂಜಿನ್ ಆರಿಸಿ ಪ್ರತಿ ಪುಲಿಯನ್ನೂ ಕೈಯಿಂದ ತಿರುಗಿಸಿ ನೋಡಿ. ಒಳ್ಳೆಯ ಬೇರಿಂಗ್ ಬೆಣ್ಣೆಯ ಹಾಗೆ ತಿರುಗುತ್ತದೆ. ಕೆಟ್ಟದ್ದು ಮರಳಿನೊಳಗೆ ತಿರುಗಿದಂತೆ ಬೆರಳಿಗೇ ತಿಳಿಯುತ್ತದೆ. ವಾಟರ್ ಪಂಪಿನ ಶಾಫ್ಟಿನ ಕೆಳಗೆ ಒಂದು ಸಣ್ಣ ತೂತಿದೆ. ಅದರ ಸುತ್ತ ಕೂಲಂಟ್ ಒಣಗಿದ ಕಲೆ ಕಂಡರೆ ಪಂಪಿನ ಸೀಲು ಹೋಗಿದೆ, ಬೇರಿಂಗ್ ಹೆಚ್ಚು ದಿನ ಬಾಳುವುದಿಲ್ಲ.

ಡೈನಮೋದ ಗುಂಯ್ ಎರಡು ಬಗೆ. ಬೇರಿಂಗಿನದು ಲೈಟ್ ಹಾಕಿದರೂ ತೆಗೆದರೂ ಒಂದೇ. ಒಳಗಿನ ಡಯೋಡ್ ಹೋಗಿದ್ದರೆ ಹೆಡ್‌ಲೈಟ್ ಹಾಕಿದ ಕೂಡಲೇ ಸದ್ದಿನ ದನಿ ಬದಲಾಗುತ್ತದೆ, ಕ್ಯಾಬಿನ್ನಿನ ಸ್ಪೀಕರಿನಲ್ಲೂ ಎಂಜಿನ್ ಜೊತೆ ಏರುವ ಸಣ್ಣ ಕುಂಯ್ ಕೇಳಿಸಬಹುದು. ಮಲ್ಟಿಮೀಟರ್ ಇದ್ದರೆ ಬ್ಯಾಟರಿಯ ಮೇಲೆ ಹಿಡಿಯಿರಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4 ವೋಲ್ಟ್ ಇರಬೇಕು. ಅದೇ ಮೀಟರನ್ನು ಎ.ಸಿ. ವೋಲ್ಟಿಗೆ ತಿರುಗಿಸಿದಾಗ ಅರ್ಧ ವೋಲ್ಟ್ ದಾಟಿದರೆ ಡಯೋಡ್ ಮೇಲೆ ಅನುಮಾನ ಪಡಿ.

ಉದ್ದನೆಯ ಸ್ಕ್ರೂ ಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ, ತುದಿಯನ್ನು ಒಂದೊಂದೇ ಭಾಗದ ಮೈಗೆ ತಾಗಿಸಿ ಕೇಳುವುದು ಹಳೆಯ ಪದ್ಧತಿ. ಅದು ಈಗಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಅಂಗಿಯ ತೋಳು, ಕೊರಳಿನ ಟವೆಲ್ಲು ಫ್ಯಾನಿನಿಂದ ದೂರ ಇರಲಿ. ಹಾಗೆಯೇ ಬಿಸಿಲಿನಲ್ಲಿ ಏರು ಹತ್ತುವಾಗ ಮುಂದಿನಿಂದ ಬರುವ ದೊಡ್ಡ ಹೂಂಕಾರವನ್ನು ಬೇರಿಂಗ್ ಅಂದುಕೊಳ್ಳಬೇಡಿ. ವಿಸ್ಕಸ್ ಫ್ಯಾನ್ ಇರುವ ಗಾಡಿಗಳಲ್ಲಿ ರೇಡಿಯೇಟರ್ ಕಾದಾಗ ಫ್ಯಾನು ಪೂರ್ತಿ ಹಿಡಿದು ತಿರುಗುತ್ತದೆ, ಅದು ಅದರ ಧರ್ಮ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಅದು ದಿನವೂ ಕೇಳಿಸುತ್ತದೆ.

ಟರ್ಬೊ ಸೀಟಿ ಬೇರೆ. ಲೋಡ್ ಇದ್ದಾಗ, ಕಾಲು ಒತ್ತಿದಾಗ ಮಾತ್ರ ಬರುತ್ತದೆ. ಸಣ್ಣ ಸೀಟಿ ಸಹಜ. ಅದು ಜೋರಾಗಿ, ಜೊತೆಗೆ ಕಪ್ಪು ಹೊಗೆ ಬಂದು, ಗಾಡಿಯ ಎಳೆತ ಕಡಿಮೆಯಾಗಿದ್ದರೆ ಮೊದಲು ಟರ್ಬೊ ದೂಡುವ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ರಬ್ಬರ್ ಹೋಸುಗಳ ಕೆಳಮೈ ನೋಡಿ, ಬಿರುಕಿನ ಬಳಿ ಎಣ್ಣೆ ಮೆತ್ತಿಕೊಂಡಿರುತ್ತದೆ. ಹೋಸಿನ ಬೆಲೆಯ ಕೆಲಸಕ್ಕೆ ಟರ್ಬೊ ಬದಲಿಸಿದವರು ಬಹಳ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ನರಳಿದರೆ ಪವರ್ ಸ್ಟೀರಿಂಗಿನ ಎಣ್ಣೆಯ ಮಟ್ಟ ನೋಡಿ. ಎಣ್ಣೆ ನೊರೆನೊರೆಯಾಗಿದ್ದರೆ ಒಳಗೆ ಗಾಳಿ ಸೇರಿದೆ.

ಇನ್ನು ರಸ್ತೆಗೆ ಇಳಿಯೋಣ. ನಿಂತಾಗ ಇಲ್ಲದೆ, ಓಡುವಾಗ ಮಾತ್ರ ಬರುವ ಗುಂಯ್‌ಗೆ ನೇರ, ಸಮ, ಖಾಲಿ ರಸ್ತೆ ಬೇಕು. ವಿಜಯಪುರದವರಿಗೆ ಹುನಗುಂದದ ಕಡೆಗೆ ಹೋಗುವ ಹೆದ್ದಾರಿ 50 ಇದಕ್ಕೆ ಹೇಳಿ ಮಾಡಿಸಿದಂತಿದೆ. ಬೆಳಗಾವಿಯವರಿಗೆ ಹೆದ್ದಾರಿ 48ರ ವಂಟಮೂರಿ ಘಾಟು ಇನ್ನೊಂದು ಅನುಕೂಲ ಕೊಡುತ್ತದೆ: ಏರಿನಲ್ಲಿ ಎಂಜಿನ್ ಗಾಲಿಯನ್ನು ಎಳೆಯುತ್ತದೆ, ಇಳಿಜಾರಿನಲ್ಲಿ ಗಾಲಿಯೇ ಎಂಜಿನ್ ಅನ್ನು ದೂಡುತ್ತದೆ. ಹಲ್ಲಿನ ಎರಡೂ ಮುಖದ ಸದ್ದು ಒಂದೇ ಓಟದಲ್ಲಿ ಸಿಗುತ್ತದೆ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಅವರ ಕೈಗೆ ಮೊಬೈಲ್ ಕೊಟ್ಟು ರೆಕಾರ್ಡ್ ಮಾಡಿಸಿ. ಓಡಿಸುವವರು ಸದ್ದಿಗೆ ಕಿವಿ ಕೊಟ್ಟರೆ ರಸ್ತೆ ತಪ್ಪುತ್ತದೆ.

60 ಕಿ.ಮೀ. ವೇಗದಲ್ಲಿ ಸದ್ದು ಸ್ಪಷ್ಟವಾಗಿದೆ ಅಂದುಕೊಳ್ಳಿ. ಅದೇ ವೇಗ ಹಿಡಿದು 3, 4, 5ನೇ ಗೇರಿನಲ್ಲಿ ಬೇರೆ ಬೇರೆಯಾಗಿ ಓಡಿಸಿ. ಇದು ಇಡೀ ಪರೀಕ್ಷೆಯ ಹೃದಯ. ಬಹುಪಾಲು 5 ಗೇರಿನ ಈ ಪಿಕಪ್ಪುಗಳಲ್ಲಿ 4ನೇ ಗೇರು ನೇರ ಗೇರು. ಅದರಲ್ಲಿ ಬಲವು ಇನ್‌ಪುಟ್ ಶಾಫ್ಟಿನಿಂದ ಸೀದಾ, ಬಲ ಹೊರಗೆ ಕೊಡುವ ಮೇನ್ ಶಾಫ್ಟಿಗೆ ಹೋಗುತ್ತದೆ, ಲೇ ಶಾಫ್ಟು ಭಾರ ಹೊರದೆ ಸುಮ್ಮನೆ ತಿರುಗುತ್ತದೆ. 3 ಮತ್ತು 5ರಲ್ಲಿ ಗುಂಯ್ ಅಂದು 4ರಲ್ಲಿ ಸುಮ್ಮನಾದರೆ ಗೇರ್‌ಬಾಕ್ಸ್ ಇಳಿಸಬೇಕು, ಲೇ ಶಾಫ್ಟಿನ ಗೇರು ಅಥವಾ ಬೇರಿಂಗ್ ಸವೆದಿದೆ. ಒಂದೇ ಗೇರಿನಲ್ಲಿ ಮಾತ್ರ ಬಂದರೆ ಆ ಗೇರಿನ ಜೋಡಿ. ಎಲ್ಲ ಗೇರಿನಲ್ಲೂ ಅದೇ ವೇಗಕ್ಕೆ ಅದೇ ದನಿಯಲ್ಲಿ ಬಂದರೆ ಗೇರ್‌ಬಾಕ್ಸಿಗೆ ಕೈ ಮುಗಿದು ಹಿಂದಕ್ಕೆ ಹೋಗಿ, ತಪ್ಪು ಅದರ ಆಚೆಗಿದೆ.

ಆಮೇಲೆ ಅದೇ ವೇಗದಲ್ಲಿ ನ್ಯೂಟ್ರಲ್ ಮಾಡಿ ಗಾಡಿ ತಾನಾಗಿ ಉರುಳಲು ಬಿಡಿ. ಎಂಜಿನ್ ಮಾತ್ರ ಆರಿಸಬೇಡಿ, ಬ್ರೇಕಿನ ವ್ಯಾಕ್ಯೂಮ್ ಹೋಗುತ್ತದೆ. ಘಾಟಿನಲ್ಲಿ ಈ ಪರೀಕ್ಷೆ ಬೇಡವೇ ಬೇಡ, ಸಮ ರಸ್ತೆಯಲ್ಲಿ ಮಾತ್ರ. ನ್ಯೂಟ್ರಲ್‌ನಲ್ಲೂ ಸದ್ದು ಒಂದಿಷ್ಟೂ ಬದಲಾಗದಿದ್ದರೆ ಟೈರು ಅಥವಾ ಗಾಲಿಯ ಬೇರಿಂಗ್. ಗೇರಿನಲ್ಲಿ ಓಡುವಾಗ ಕಾಲು ಒತ್ತಿದರೆ ಏರಿ, ತೆಗೆದಾಗ ಇಳಿದು, ಮತ್ತೆ ಒತ್ತಿದಾಗ ಏರಿದರೆ ಹೌಸಿಂಗ್.

ಟೈರಿನ ಸದ್ದು ರಸ್ತೆಯ ಮೈ ಬದಲಾದ ಕೂಡಲೇ ಬದಲಾಗುತ್ತದೆ. ಡಾಂಬರಿನಿಂದ ಕಾಂಕ್ರೀಟಿಗೆ ಹತ್ತಿದಾಗ ದನಿ ಬೇರೆಯಾಯಿತೆಂದರೆ ಗುಟ್ಟು ಅಲ್ಲೇ ಇದೆ. ಅಂಗೈಯನ್ನು ಟೈರಿನ ಮೈಮೇಲೆ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಎಳೆಯಿರಿ. ಒಂದು ಕಡೆ ನುಣುಪು, ಇನ್ನೊಂದು ಕಡೆ ಗರಗಸದಂತೆ ಸಿಕ್ಕಿದರೆ ಹಲ್ಲು ಹಲ್ಲಾಗಿ ಸವೆದಿದೆ. ಗಾಲಿಯ ಬೇರಿಂಗಾದರೆ ಖಾಲಿ ರಸ್ತೆಯಲ್ಲಿ 40ರ ವೇಗದಲ್ಲಿ ಮೆಲ್ಲಗೆ ಎಡಕ್ಕೆ, ಬಲಕ್ಕೆ ಹಾವಿನಂತೆ ಓಡಿಸಿ. ಎಡಕ್ಕೆ ತಿರುಗಿದಾಗ ಭಾರ ಬಲಗಾಲಿಗೆ ಬೀಳುತ್ತದೆ, ಆಗ ಸದ್ದು ಹೆಚ್ಚಾದರೆ ಬಲಗಡೆಯ ಬೇರಿಂಗ್. ಮುಂದಿನ ಹಬ್ಬಿನ ಟೇಪರ್ ಬೇರಿಂಗಿಗೆ ಗ್ರೀಸ್ ಹಾಕುವಾಗ ರೋಲರುಗಳ ಸಂದಿ ಸಂದಿಗೆ ಅಂಗೈಯಿಂದ ಒತ್ತಿ ತುಂಬಬೇಕು. ಹಬ್ಬಿನ ಖಾಲಿ ಜಾಗವನ್ನು ಮಾತ್ರ ಪೂರ್ತಿ ತುಂಬಬಾರದು, ಕಾದ ಗ್ರೀಸ್ ಬ್ರೇಕಿಗೆ ಇಳಿಯುತ್ತದೆ. ನಟ್ಟನ್ನು ಗಾಲಿ ತಿರುಗಿಸುತ್ತಲೇ ಬಿಗಿ ಮಾಡಿ, ಆಮೇಲೆ ಸ್ವಲ್ಪ ಹಿಂದೆ ಬಿಟ್ಟು, ಹೊಸ ಸ್ಪ್ಲಿಟ್ ಪಿನ್ ಹಾಕಿ. ಹಿಂದಿನ ಆಕ್ಸಲ್ ಬೇರಿಂಗ್ ಶಾಫ್ಟಿನ ಮೇಲೆ ಒತ್ತಿ ಕೂರಿಸಿದ್ದಾದರೆ ಸುತ್ತಿಗೆ ಮುಟ್ಟಬೇಡಿ, ಪ್ರೆಸ್ ಇರುವ ಕಡೆ ಒಯ್ಯಿರಿ. ಬೆಳಗಾವಿಯ ಉದ್ಯಮಬಾಗದಂಥ ಕಡೆ ಮಷಿನ್ ಶಾಪುಗಳಿಗೇನೂ ಕೊರತೆಯಿಲ್ಲ. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅಂದರೆ ಅದರ ತುದಿಯ ಕೀಲು, ಹೋದರೆ ಗುಂಯ್ ಬರುವುದಿಲ್ಲ. ಗಾಡಿ ಎತ್ತುವಾಗ ಟಕ್ ಅನ್ನುತ್ತದೆ, ನಿಧಾನ ಓಟದಲ್ಲಿ ಗುಬ್ಬಿಯಂತೆ ಚೀಂವ್‌ಗುಟ್ಟುತ್ತದೆ.

ಹೌಸಿಂಗೇ ಅಂತ ಖಚಿತವಾದರೂ ಅದು ಕ್ರೌನ್ ಪಿನಿಯನ್ನೇ ಆಗಬೇಕಿಲ್ಲ. ಒಂದು ಲೆಕ್ಕ ನೋಡಿ. 215/75 ಆರ್ 15 ಅಳತೆಯ ಟೈರು ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. 60 ಕಿ.ಮೀ. ವೇಗದಲ್ಲಿ ಗಾಲಿ ಸೆಕೆಂಡಿಗೆ ಸುಮಾರು ಏಳೂವರೆ ಸುತ್ತು ಸುತ್ತುತ್ತದೆ. ಕ್ರೌನಿಗೆ 41 ಹಲ್ಲು, ಪಿನಿಯನ್ನಿಗೆ 10 ಹಲ್ಲು ಇದ್ದರೆ ಹಲ್ಲಿಗೆ ಹಲ್ಲು ತಾಗುವುದು ಸೆಕೆಂಡಿಗೆ 300ಕ್ಕಿಂತ ಸ್ವಲ್ಪ ಹೆಚ್ಚು ಸಲ. ಆ ತಾಗುವಿಕೆಯೇ ನಿಮಗೆ ಕೇಳಿಸುವ ಗುಂಯ್. ಮೊಬೈಲಿನಲ್ಲಿ ಸದ್ದಿನ ಕಂಪನ ಅಳೆಯುವ ಉಚಿತ ಆ್ಯಪುಗಳಿವೆ. 60ರಲ್ಲಿ 300ರ ಆಸುಪಾಸು, 40ಕ್ಕೆ ಇಳಿದಾಗ 200ರ ಆಸುಪಾಸು ಗೆರೆ ಎದ್ದು ನಿಂತರೆ, ಗೇರು ಬದಲಿಸಿದರೂ ಅಲ್ಲೇ ಉಳಿದರೆ, ಅದು ಹಲ್ಲಿನ ಮಾತು. ನಿಮ್ಮ ಗಾಡಿಯ ಹಲ್ಲಿನ ಎಣಿಕೆ, ಟೈರಿನ ಅಳತೆ ಹಾಕಿ ಲೆಕ್ಕ ಮಾಡಿಕೊಳ್ಳಿ.

ಹಲ್ಲು ಮಾತಾಡಲು ಮೊದಲ ಕಾರಣ ಎಣ್ಣೆ. ಸಮ ನೆಲದಲ್ಲಿ ಗಾಡಿ ನಿಲ್ಲಿಸಿ, ಮೇಲಿನ ತುಂಬುವ ಪ್ಲಗ್ ಮೊದಲು ಬಿಚ್ಚಿ. ಅದು ಜಾಮಾಗಿದ್ದರೆ ಕೆಳಗಿನದನ್ನು ಮುಟ್ಟಬೇಡಿ, ಎಣ್ಣೆ ಇಳಿಸಿದ ಮೇಲೆ ತುಂಬಲು ದಾರಿ ಇರುವುದಿಲ್ಲ. ಕಿರುಬೆರಳನ್ನು ಒಳಗೆ ಬಾಗಿಸಿ ನೋಡಿ, ಎಣ್ಣೆ ತೂತಿನ ಕೆಳ ಅಂಚಿಗೆ ಇರಬೇಕು. ಬೆರಳಿಗೆ ಬಂದ ಎಣ್ಣೆಯನ್ನು ಬಿಸಿಲಿಗೆ ಹಿಡಿದು ಹೆಬ್ಬೆರಳಿನಿಂದ ಉಜ್ಜಿ. ಜೇನಿನ ಬಣ್ಣ, ಗಂಧಕದ ಘಾಟು ಇದ್ದರೆ ಚೆನ್ನಾಗಿದೆ. ಹಾಲು ಬೆರೆತ ಚಹದಂತಿದ್ದರೆ ನೀರು ಸೇರಿದೆ. ಬೆರಳ ಗೆರೆಗಳಲ್ಲಿ ಬೆಳ್ಳಿಯ ಪುಡಿಯಂತೆ ಮಿನುಗಿದರೆ ಒಳಗೆ ಲೋಹ ತೇಯುತ್ತಿದೆ. ಕೆಳಗಿನ ಪ್ಲಗ್ಗಿನಲ್ಲಿ ಆಯಸ್ಕಾಂತ ಇದ್ದರೆ ಅದಕ್ಕೆ ಮೆತ್ತಿದ ಬೂದು ಬಣ್ಣದ ನುಣುಪು ಕೆಸರು ಸಹಜ. ಚೂರು, ಸಿಪ್ಪೆ, ಮುಳ್ಳಿನಂಥ ತುಂಡು ಸಹಜವಲ್ಲ, ಹೌಸಿಂಗ್ ಬಿಚ್ಚಲೇಬೇಕು.

ಎಣ್ಣೆ ಕಡಿಮೆಯಾಗುವುದು ಯಾಕೆ ಅನ್ನುವುದನ್ನು ನಮ್ಮ ಕಡೆಯ ಗಾಡಿಗಳಲ್ಲಿ ವಿಶೇಷವಾಗಿ ನೋಡಬೇಕು. ಹೌಸಿಂಗಿನ ನೆತ್ತಿಯಲ್ಲಿ ಬೆರಳ ತುದಿಯಷ್ಟು ಚಿಕ್ಕದೊಂದು ಬ್ರೀದರ್ ಇರುತ್ತದೆ. ಒಳಗಿನ ಗಾಳಿ ಕಾದು ಹಿಗ್ಗಿದಾಗ ಹೊರಹೋಗಲು ಅದೊಂದೇ ದಾರಿ. ಎರೆ ಹೊಲದ ಕೆಸರು ಅದರ ಮೇಲೆ ಒಣಗಿತೆಂದರೆ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಆಗ ಗಾಳಿ ಪಿನಿಯನ್ ಸೀಲನ್ನೋ ಗಾಲಿಯ ಸೀಲನ್ನೋ ದೂಡಿಕೊಂಡು ಹೋಗುತ್ತದೆ, ಜೊತೆಗೆ ಎಣ್ಣೆಯೂ. ಸೀಲು ಎಷ್ಟು ಸಲ ಬದಲಿಸಿದರೂ ಸೋರುವ ಗಾಡಿಗೆ ಬಹಳ ಸಲ ಕಾರಣ ಇದೇ. ಇನ್ನೊಂದು, ಮಳೆಗಾಲದಲ್ಲಿ ಡೋಣಿ ಹಳ್ಳದಂಥ ಕಡೆ ಓಡಿ ಕಾದ ಗಾಡಿಯನ್ನು ನೀರಿಗೆ ಇಳಿಸಿದರೆ ಹೌಸಿಂಗ್ ಥಟ್ಟನೆ ತಣ್ಣಗಾಗಿ ಒಳಗಿನ ಗಾಳಿ ಕುಗ್ಗುತ್ತದೆ, ಸೀಲಿನ ಸಂದಿಯಿಂದ ನೀರನ್ನು ಒಳಗೆಳೆಯುತ್ತದೆ. ಅಚ್ಚಿನ ಮಟ್ಟಕ್ಕೆ ನೀರು ಹತ್ತಿದ ಗಾಡಿಯ ಎಣ್ಣೆಯನ್ನು ಅದೇ ವಾರ ನೋಡಿ. ನೀರು ಕುಡಿದ ಬೇರಿಂಗಿನ ರೋಲರಿಗೆ ತುಕ್ಕಿನ ಚುಕ್ಕೆ ಬೀಳುತ್ತದೆ, ತಿಂಗಳೆರಡು ತಿಂಗಳಲ್ಲಿ ಅದೇ ಗುಂಯ್ ಆಗುತ್ತದೆ.

ಯಾವ ಎಣ್ಣೆ? ಪಿನಿಯನ್ನು ಕ್ರೌನಿನ ನಡುಗೆರೆಗಿಂತ ಕೆಳಗೆ ಕೂತಿರುವ ಹೈಪಾಯ್ಡ್ ಗೇರು ಇದು. ಹಲ್ಲುಗಳು ಉರುಳುವುದರ ಜೊತೆಗೆ ಉದ್ದಕ್ಕೂ ಜಾರುತ್ತವೆ, ಸಾಮಾನ್ಯ ಎಣ್ಣೆಯ ಪದರ ಅಲ್ಲಿ ಹರಿದುಹೋಗುತ್ತದೆ. ಅದಕ್ಕೇ ಜಿಎಲ್-5 ದರ್ಜೆ, ಗಾಡಿಯ ಪುಸ್ತಕ ಹೇಳಿದಂತೆ 80ಡಬ್ಲ್ಯು-90 ಅಥವಾ 85ಡಬ್ಲ್ಯು-140. ಉಳಿದ ಎಂಜಿನ್ ಆಯಿಲ್ ಸುರಿಯುವುದು ಹಲ್ಲಿಗೆ ವಿಷ. ಹಾಗೆಯೇ ಪುಸ್ತಕ ಜಿಎಲ್-4 ಕೇಳುವ ಗೇರ್‌ಬಾಕ್ಸಿಗೆ ಇದೇ ಎಣ್ಣೆ ಹಾಕಬೇಡಿ, ಗೇರು ಸಲೀಸಾಗಿ ಬೀಳಲು ಇರುವ ಹಿತ್ತಾಳೆಯ ಸಿಂಕ್ರೊ ರಿಂಗಿಗೆ ಅದು ಒಗ್ಗುವುದಿಲ್ಲ. ಸವೆದ ಹಲ್ಲಿಗೆ ದಪ್ಪ ಎಣ್ಣೆ ಹಾಕಿದರೆ ಸದ್ದು ಸ್ವಲ್ಪ ಮುಚ್ಚಬಹುದು, ಸವೆತ ವಾಪಸು ಬರುವುದಿಲ್ಲ.

“ಸೀಲ್ ಹಾಕಿಸಿದ ಮ್ಯಾಲೆ ಸದ್ದು ಚಾಲೂ ಆತ್ರಿ” ಅನ್ನುವವರ ಮಾತನ್ನು ಗಂಭೀರವಾಗಿ ಕೇಳಬೇಕು. ಪಿನಿಯನ್ ಸೀಲು ಬದಲಿಸಲು ಮುಂದಿನ ದೊಡ್ಡ ನಟ್ಟು ಬಿಚ್ಚಲೇಬೇಕು. ಆ ನಟ್ಟೇ ಪಿನಿಯನ್ ಬೇರಿಂಗುಗಳ ಬಿಗಿಯನ್ನೂ ಹಿಡಿದಿಟ್ಟಿರುತ್ತದೆ. ಕೆಲವು ಹೌಸಿಂಗುಗಳಲ್ಲಿ ಎರಡು ಬೇರಿಂಗಿನ ನಡುವೆ ಒತ್ತಿದರೆ ಕುಗ್ಗುವ ಸ್ಪೇಸರ್ ಇರುತ್ತದೆ, ಒಮ್ಮೆ ಹೆಚ್ಚು ಕುಗ್ಗಿದರೆ ಹಿಂದಕ್ಕೆ ಬರುವುದಿಲ್ಲ. ಉದ್ದನೆಯ ಪೈಪು ಹಾಕಿ ನಟ್ಟನ್ನು ಎಳೆದರೆ ಬೇರಿಂಗ್ ಅತಿ ಬಿಗಿಯಾಗಿ ಕಾಯುತ್ತದೆ. ಸಡಿಲ ಬಿಟ್ಟರೆ ಪಿನಿಯನ್ನು ಮುಂದೆ ಹಿಂದೆ ಆಡಿ ಹಲ್ಲು ತಪ್ಪು ಜಾಗದಲ್ಲಿ ತಾಗುತ್ತದೆ. ಬಿಚ್ಚುವ ಮುಂಚೆ ನಟ್ಟು, ಪಿನಿಯನ್ ತುದಿ, ಪ್ರೊಪೆಲ್ಲರ್ ಶಾಫ್ಟ್ ಜೋಡಿಸುವ ಫ್ಲ್ಯಾಂಜು ಮೂರಕ್ಕೂ ಸಾಲಾಗಿ ಪಂಚಿನಿಂದ ಗುರುತು ಹಾಕಿ, ನಟ್ಟಿನಾಚೆ ಕಾಣುವ ಥ್ರೆಡ್ ಎಣಿಸಿ ಬರೆದಿಡಿ. ಮತ್ತೆ ಕೂರಿಸುವಾಗ ಅದೇ ಗುರುತಿಗೆ ತಂದು, ಕೂದಲೆಳೆಯಷ್ಟೇ ಮುಂದೆ ನಿಲ್ಲಿಸಿ. ಇಷ್ಟು ಎಚ್ಚರ ವಹಿಸುವ ಕೈ ಹುಡುಕಿ ಕೆಲಸ ಕೊಡಿ ಎಂಬುದು ನನ್ನ ಕಳಕಳಿಯ ಮಾತು.

ಬೇರಿಂಗ್ ಸಡಿಲವೋ ಅಂತ ತಿಳಿಯಲು ಗಾಲಿಗಳಿಗೆ ಕಲ್ಲು ಕೊಟ್ಟು, ಗಾಡಿಯ ಕೆಳಗೆ ಹೋಗಿ, ಫ್ಲ್ಯಾಂಜನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿ. ಸುತ್ತುವ ದಿಕ್ಕಿನಲ್ಲಿ ಸ್ವಲ್ಪ ಆಟ ಇರಲೇಬೇಕು. ಮೇಲೆ ಕೆಳಗೆ, ಒಳಗೆ ಹೊರಗೆ ಆಡಿದರೆ ಬೇರಿಂಗ್ ಹೋಗಿದೆ. ಕಾಲು ತೆಗೆದಾಗ, ಇಳಿಜಾರಿನಲ್ಲಿ ಮಾತ್ರ ಕಿರುಚುವ ಹೌಸಿಂಗಿನಲ್ಲಿ ಮೊದಲ ಅನುಮಾನ ಈ ಸಡಿಲಿನ ಮೇಲೆಯೇ ಇರಲಿ. ಇನ್ನೂ ಖಚಿತವಾಗಬೇಕೆಂದರೆ ಹಿಂದಿನ ಎರಡೂ ಗಾಲಿ ನೆಲ ಬಿಡುವಂತೆ ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮುಂದಿನ ಗಾಲಿಗೆ ಅಡ್ಡ ಕೊಟ್ಟು, ಒಬ್ಬರು ಸೀಟಿನಲ್ಲಿ ಕೂತು ಗೇರಿನಲ್ಲಿ ನಿಧಾನವಾಗಿ ತಿರುಗಿಸಲಿ. ಇನ್ನೊಬ್ಬರು ಸ್ಕ್ರೂ ಡ್ರೈವರಿನಿಂದ ಪಿನಿಯನ್ನಿನ ಮೂತಿ, ಹೌಸಿಂಗಿನ ಎರಡು ಪಕ್ಕ, ಆಕ್ಸಲಿನ ಎರಡು ತುದಿ ಕೇಳಲಿ. ಬರೀ ಜ್ಯಾಕಿನ ಮೇಲೆ, ಅಥವಾ ಒಂದೇ ಗಾಲಿ ಎತ್ತಿ ಈ ಕೆಲಸ ಮಾಡಿದರೆ ಗಾಡಿ ಜಿಗಿದು ಓಡುತ್ತದೆ. ಪಿನಿಯನ್ ಬೇರಿಂಗ್ ಗಾಲಿಗಿಂತ ನಾಲ್ಕು ಪಟ್ಟು ವೇಗದಲ್ಲಿ ತಿರುಗುವುದರಿಂದ ಅದರ ದನಿ ಸಣ್ಣ. ಕ್ರೌನಿನ ಎರಡು ಪಕ್ಕದ ಬೇರಿಂಗಿನದು ದಪ್ಪ ಗರ್.

ಬೇರಿಂಗ್ ಮಾತ್ರ ಬದಲಿಸುವುದಾದರೆ ಹಳೆಯ ಶಿಮ್ಮುಗಳನ್ನು (ಸಂದಿ ಹೊಂದಿಸುವ ತೆಳು ಬಿಲ್ಲೆಗಳನ್ನು) ಅಳೆದು, ಅದೇ ಜಾಗಕ್ಕೆ ಅದೇ ದಪ್ಪ ಹಾಕಿ. ಲಕ್ಷ ಕಿಲೋಮೀಟರ್ ಒಟ್ಟಿಗೆ ತೇಯ್ದ ಹಲ್ಲುಗಳು ಒಂದಕ್ಕೊಂದು ಒಗ್ಗಿಹೋಗಿರುತ್ತವೆ, ಜಾಗ ಕದಲಿಸಿದರೆ ಸುಮ್ಮನಿದ್ದದ್ದೂ ಕೂಗುತ್ತದೆ. ಹಲ್ಲೇ ಹೋಗಿದ್ದರೆ ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಬರಬೇಕು, ಎರಡರ ಮೇಲೂ ಒಂದೇ ಜೋಡಿ ಸಂಖ್ಯೆ ಕೆತ್ತಿದೆಯೇ ನೋಡಿಕೊಳ್ಳಿ. ಕೂರಿಸುವವರ ಹತ್ತಿರ ಕೂದಲೆಳೆಯಷ್ಟು ಆಟವನ್ನೂ ಅಳೆಯುವ ಡಯಲ್ ಗೇಜ್ ಇರಲೇಬೇಕು. ಹಲ್ಲಿನ ನಡುವಿನ ಆಟ ಈ ಗಾತ್ರದ ಹೌಸಿಂಗಿಗೆ ಸಾಮಾನ್ಯವಾಗಿ 0.15ರಿಂದ 0.20 ಮಿ.ಮೀ., ನಿಖರ ಅಂಕಿ ಗಾಡಿಯ ಕೈಪಿಡಿಯದ್ದು. ಅಂದಾಜಿನ ಕೈಗೆ ಇದು ಸಿಗುವ ಅಳತೆಯಲ್ಲ. ಆಮೇಲೆ ನಾಲ್ಕೈದು ಹಲ್ಲಿಗೆ ಗುರುತಿನ ಬಣ್ಣ ಹಚ್ಚಿ ತಿರುಗಿಸಿ. ಬಣ್ಣ ಅಳಿಸಿದ ಗುರುತು ಹಲ್ಲಿನ ಎತ್ತರದ ನಡುವೆ, ಉದ್ದದಲ್ಲಿ ನಡುವಿಗಿಂತ ತುಸು ಒಳತುದಿಯ ಕಡೆ ಇರಬೇಕು. ಬುಡದಲ್ಲಿ ಬಿದ್ದರೆ ಪಿನಿಯನ್ನು ಅತಿ ಒಳಗೆ, ತುದಿಯಲ್ಲಿ ಬಿದ್ದರೆ ಅತಿ ಹೊರಗೆ, ಶಿಮ್ ಬದಲಿಸಿ ಮತ್ತೆ ನೋಡಬೇಕು. ಈ ಗುರುತಿನ ಫೋಟೊ ತೆಗೆಸಿಕೊಂಡು ಇಟ್ಟುಕೊಳ್ಳಿ.

ಹೊಸ ಜೋಡಿಗೆ ಮೊದಲ ದಿನವೇ ಎರಡು ಟನ್ ಉಳ್ಳಾಗಡ್ಡಿ ಹೇರಬೇಡಿ. ಮೊದಲ 20–30 ಕಿ.ಮೀ. ಖಾಲಿ ಓಡಿಸಿ, ನಿಲ್ಲಿಸಿ, ತಣ್ಣಗಾಗಲು ಬಿಟ್ಟು ಮತ್ತೆ ಓಡಿಸಿ. ಹೊಸ ಹಲ್ಲು ಒಂದಕ್ಕೊಂದು ಹೊಂದುವಾಗ ಬಹಳ ಕಾಯುತ್ತದೆ. 500 ಕಿ.ಮೀ.ವರೆಗೆ ಪೂರ್ತಿ ಲೋಡು ಬೇಡ, ಆಮೇಲೆ ಎಣ್ಣೆ ಬದಲಿಸಿ. ನಿಲ್ಲಿಸಿದಾಗಲೆಲ್ಲ ಹೌಸಿಂಗಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ನೋಡಿ. ನೀರು ಮೆಲ್ಲಗೆ ಆರಿದರೆ ಸರಿ. ಕಾದ ಹಂಚಿನ ಮೇಲೆ ಬಿದ್ದಂತೆ ಚುರ್ ಅಂದು ಹಾರಿದರೆ ಬೇರಿಂಗ್ ಅತಿ ಬಿಗಿಯಾಗಿದೆ. ಗಾಡಿಯನ್ನು ತಣ್ಣಗಾಗಲು ಬಿಟ್ಟು, ಕೂರಿಸಿದವರ ಹತ್ತಿರ ಅಂದೇ ವಾಪಸು ಒಯ್ಯಿರಿ.